ಐನ್‌ಮನೆಯ ಗೋಡೆಗೆ ಸುಣ್ಣದ ಗಾರೆಯೋ, ಸಿಮೆಂಟೋ?

ಕೊಡಗಿನ ಹಳೆಯ ಐನ್‌ಮನೆಗಳ, ಅಂದರೆ ಕೊಡವ ಕುಟುಂಬಗಳ ಮೂಲ ಮನೆಗಳ, ಮಣ್ಣಿನ ಗೋಡೆ ಮಳೆಗಾಲವಿಡೀ ಬುಡದಿಂದ ನೀರು ಹೀರುತ್ತದೆ, ಬೇಸಿಗೆಯಲ್ಲಿ ಹೊರಬಿಡುತ್ತದೆ. ಗಾರೆ ಆರಿಸುವಾಗ ಮೊದಲು ನೋಡಬೇಕಾದ್ದು ಇದನ್ನೇ.

ಸಿಮೆಂಟ್ ಬೇಗ ಗಟ್ಟಿಯಾಗುತ್ತದೆ, ಎಲ್ಲ ಮೇಸ್ತ್ರಿಗಳಿಗೂ ಗೊತ್ತು. ಆದರೆ ತೇವವನ್ನು ಒಳಗೇ ಕಟ್ಟಿಹಾಕುತ್ತದೆ. ಹಿಂದಿನ ಮಣ್ಣು ಮೆತ್ತಗಾಗಿ ಗಾರೆ ಹಲಗೆ ಹಲಗೆಯಾಗಿ ಕಳಚುತ್ತದೆ. ಅದಕ್ಕಿಂತ ಕೆಟ್ಟದ್ದು, ಗೋಡೆಯೊಳಗೆ ಕೂತ ತೊಲೆಯ ತುದಿ ಕಣ್ಣಿಗೆ ಕಾಣದೆ ಕೊಳೆಯುತ್ತದೆ. ಗೆದ್ದಲಿಗೆ ಬೇಕಾದ್ದೂ ಈ ತೇವವೇ. ಗಾರೆ ಹಾಕುವ ಮೊದಲೇ ತೊಲೆಯ ತುದಿಗೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಸಲೀಸಾಗಿ ಇಳಿದರೆ ಕೊಳೆತ ಭಾಗವನ್ನಷ್ಟೇ ಕತ್ತರಿಸಿ, ಒಣಗಿದ ಮರವನ್ನು ಓರೆ ಜೋಡಣೆಯಲ್ಲಿ ಕೂಡಿಸಬಹುದು. ಕತ್ತರಿಸುವ ಮುನ್ನ ತೊಲೆಗೆ ಆನಿಕೆ ಕೊಡದಿದ್ದರೆ ಛಾವಣಿಯೇ ಕುಸಿದೀತು.

ಸುಣ್ಣದ ಗಾರೆ ತೇವವನ್ನು ಹೊರಬಿಡುತ್ತದೆ, ಆದರೆ ಅದಕ್ಕೆ ತಾಳ್ಮೆ ಬೇಕು. ಅರಳಿಸಿದ ಸುಣ್ಣವನ್ನು ಕನಿಷ್ಠ ಎರಡು ವಾರ ನೀರಿನಡಿ ಇಟ್ಟು, 1 ಪಾಲಿಗೆ 3 ಪಾಲು ಮರಳು ಬೆರೆಸಿ, ಪದರವೊಂದಕ್ಕೆ ಸುಮಾರು 10 ಮಿ.ಮೀ. ದಪ್ಪ ಬಳಿಯಬೇಕು. ಗೋಡೆಗೆ ಮೊದಲು ನೀರು ಚಿಮುಕಿಸದಿದ್ದರೆ ಒಣ ಮಣ್ಣು ಗಾರೆಯ ನೀರನ್ನೆಲ್ಲ ಎಳೆದುಕೊಂಡು ಪದರ ಪುಡಿಯಾಗುತ್ತದೆ. ಮಳೆಗಾಲದಲ್ಲಿ ಈ ಕೆಲಸ ಬೇಡವೇ ಬೇಡ. ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೆಯದು.

ವೈರಿಂಗ್ ಮಾಡುವಾಗಲೂ ಮಣ್ಣಿನ ಗೋಡೆಯ ಗುಣ ನೋಡಬೇಕು. ಮಣ್ಣಿನ ಗೋಡೆ ಕೊರೆದು ಪೈಪ್ ಹೂಳಿದರೆ ಗೋಡೆ ಬಲ ಕಳೆದುಕೊಳ್ಳುತ್ತದೆ. ಅಟ್ಟದ ಮೇಲೆ ಪೈಪ್ ಓಡಿಸಿ, ಕಂಬದ ಮಗ್ಗುಲಲ್ಲಿ ಇಳಿಸಿ. 30 ಮಿಲಿಆಂಪಿಯರ್ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ತಾನೇ ಕರೆಂಟ್ ಕಡಿಯುವ ಸ್ವಿಚ್), ಸರಿಯಾದ ಅರ್ಥಿಂಗ್ ಎರಡೂ ಇರಲಿ.

ಸಿಮೆಂಟ್ ಬಳಸಲೇಬೇಕೆಂದರೆ ಮನೆಯಿಂದ ಬೇರೆಯಾಗಿ ಕಟ್ಟುವ ಬಚ್ಚಲಿಗೆ ಬಳಸಿ.