ರೈಫಲ್ ಕೇಸಿನ ಮರುಗಾತ್ರ: ಕತ್ತನ್ನಷ್ಟೇ ಒತ್ತಬೇಕೆ, ಇಡೀ ಮೈಯನ್ನೇ ಒತ್ತಬೇಕೆ?

ಒಮ್ಮೆ ಹಾರಿಸಿದ ಹಿತ್ತಾಳೆ ಕೇಸು (ಮದ್ದು, ಗುಂಡು ಎರಡನ್ನೂ ಹಿಡಿದಿಡುವ ತೋಟಾದ ಕವಚ) ಚೇಂಬರಿನ (ನಳಿಗೆಯ ಬುಡದಲ್ಲಿ ತೋಟಾ ಕೂರುವ ಜಾಗದ) ಗೋಡೆಗೆ ಒತ್ತಿಕೊಂಡು ಅದರ ಅಚ್ಚನ್ನೇ ತಾಳುತ್ತದೆ. ಹೊಸ ಮದ್ದು, ಗುಂಡು ತುಂಬಿ ಮರುಭರ್ತಿ ಮಾಡುವ ಮೊದಲು ಅದನ್ನು ಎಷ್ಟು ಕುಗ್ಗಿಸುತ್ತೇವೆ, ಎಲ್ಲಿ ಕುಗ್ಗಿಸುತ್ತೇವೆ ಎಂಬುದರ ಮೇಲೆ ಮುಂದಿನ ಸಲ ಚೇಂಬರಿನ ಹಿಂಬದಿಯನ್ನು ಮುಚ್ಚುವ ಬೋಲ್ಟ್ ಸಲೀಸಾಗಿ ಮುಚ್ಚುತ್ತದೆಯೋ, ಅಂಗೈಯಿಂದ ಬಲವಾಗಿ ಒತ್ತಬೇಕಾಗುತ್ತದೆಯೋ ಎಂಬುದು ನಿಂತಿದೆ. ನನ್ನ .308 ವಿಂಚೆಸ್ಟರ್ ಬೋಲ್ಟ್ ಆ್ಯಕ್ಷನ್ ರೈಫಲ್‌ಗಾಗಿ ಒಂದೇ ತಯಾರಿಕೆಯ, ಒಂದೇ ಸಲ ಕೊಂಡ ಕೇಸುಗಳನ್ನು ಹತ್ತು ಹತ್ತರ ನಾಲ್ಕು ಗುಂಪುಗಳಾಗಿ ವಿಂಗಡಿಸಿ, ಪ್ರತಿಯೊಂದು ಗುಂಪಿಗೂ ಒಂದೊಂದು ವಿಧಾನವನ್ನು ಕೊನೆಯವರೆಗೂ ಬದಲಿಸದೆ ಬಳಸಿ ನೋಡಿದೆ.

ಮೊದಲನೆಯದು ನೆಕ್ ಸೈಜಿಂಗ್, ಅಂದರೆ ಗುಂಡನ್ನು ಹಿಡಿದುಕೊಳ್ಳುವ ಕತ್ತನ್ನು ಮಾತ್ರ ಒತ್ತುವುದು. ಕೇಸು ಈಗಾಗಲೇ ನಮ್ಮ ಚೇಂಬರಿಗೆ ಹೊಂದಿಕೊಂಡಿರುವುದರಿಂದ ಅದರ ಮೈಯನ್ನು ಮುಟ್ಟುವ ಅಗತ್ಯವಿಲ್ಲ, ಹಿತ್ತಾಳೆಯೂ ಹೆಚ್ಚು ಕಾಲ ಬಾಳುತ್ತದೆ ಎಂಬುದು ಇದರ ಪರವಾದ ವಾದ. ಮೊದಲ ಎರಡು ಸುತ್ತು ಅದು ನಿಜವೆಂದೇ ಅನಿಸಿತು. ಮೂರನೆಯ ಸುತ್ತಿನಲ್ಲಿ ಬೋಲ್ಟ್ ಮುಚ್ಚುವಾಗ ಕೊನೆಯ ಕಾಲುಭಾಗದಲ್ಲಿ ಬಿಗಿತ ಕಾಣಿಸಿಕೊಂಡಿತು. ಐದನೆಯದಕ್ಕೆ ಹತ್ತರಲ್ಲಿ ಆರು ಕೇಸುಗಳು ಒತ್ತಾಯವಿಲ್ಲದೆ ಒಳಗೆ ಕೂರಲಿಲ್ಲ. ಪ್ರತಿ ಸಲ ಹಾರಿಸಿದಾಗಲೂ ಕೇಸು ತುಸು ಹಿಗ್ಗುತ್ತಾ ಹೋಗಿ, ಕೊನೆಗೆ ಚೇಂಬರಿನಲ್ಲಿ ಎಡೆಯೇ ಉಳಿಯದಂತಾಗುತ್ತದೆ. ಗುರಿಹಲಗೆಯ ಮೇಲೆ ಗುಂಡುಗಳು ಒಟ್ಟಿಗೆ ಬೀಳುವುದರಲ್ಲಿ ನನ್ನ ಕಣ್ಣಿಗೆ ಯಾವ ಸುಧಾರಣೆಯೂ ಕಾಣದ ಕಾರಣ ಈ ವಿಧಾನವನ್ನು ಕೈಬಿಟ್ಟೆ.

ಎರಡನೆಯ ಗುಂಪಿಗೆ ಫುಲ್ ಲೆಂತ್ ಡೈಯನ್ನು (ಇಡೀ ಕೇಸನ್ನು ಒತ್ತುವ ಅಚ್ಚನ್ನು) ಅದರೊಂದಿಗೆ ಬಂದ ಸೂಚನೆಯಂತೆಯೇ, ಪ್ರೆಸ್ಸಿನಲ್ಲಿ ಕೇಸಿನ ಬುಡವನ್ನು ಹಿಡಿಯುವ ಶೆಲ್ ಹೋಲ್ಡರಿಗೆ ತಾಗಿಸಿ ಮತ್ತಷ್ಟು ತಿರುಗಿಸಿ ಕೂರಿಸಿದೆ. ಬೋಲ್ಟ್ ಬೆಣ್ಣೆಯಂತೆ ಮುಚ್ಚಿತು. ಆದರೆ ಬುಡದಿಂದ ಭುಜದವರೆಗಿನ ಉದ್ದ ತೋರಿಸುವ ಕಂಪ್ಯಾರೇಟರಿನಿಂದ ಅಳೆದಾಗ ಕೇಸಿನ ಭುಜ (ಮೈ ಕತ್ತಿನತ್ತ ಕಿರಿದಾಗುವ ಇಳಿಜಾರು) 0.007 ಇಂಚಿನಷ್ಟು ಹಿಂದೆ ಸರಿದಿತ್ತು. ಚೇಂಬರಿನಲ್ಲಿ ಅಷ್ಟು ಎಡೆ ಉಳಿದರೆ, ಹಾರಿಸುವಾಗ ಕೇಸಿನ ಮುಂಭಾಗವು ಗೋಡೆಗೆ ಕಚ್ಚಿಕೊಳ್ಳುತ್ತದೆ, ಬುಡವು ಬೋಲ್ಟಿನ ಕಡೆಗೆ ತಳ್ಳಲ್ಪಡುತ್ತದೆ, ನಡುವಿನ ಹಿತ್ತಾಳೆ ಎಳೆದು ತೆಳುವಾಗುತ್ತದೆ. ಕೆಲವೇ ಸುತ್ತುಗಳಲ್ಲಿ ಬುಡದ ತುಸು ಮೇಲೆ ಹೊಳೆಯುವ ಉಂಗುರದಂಥ ಗೆರೆ ಮೂಡಿತು. ತುದಿ ಬಾಗಿಸಿದ ತಂತಿಯನ್ನು ಕೇಸಿನೊಳಗೆ ಬಿಟ್ಟು ಗೋಡೆಯುದ್ದಕ್ಕೂ ಎಳೆದರೆ ಅದೇ ಜಾಗದಲ್ಲಿ ತುದಿಯು ತೋಡೊಂದಕ್ಕೆ ಸಿಕ್ಕಿಕೊಳ್ಳುವುದು ಕೈಗೆ ತಿಳಿಯುತ್ತಿತ್ತು. ಅಂಥ ಕೇಸು ಮುಂದಿನ ಹೊಡೆತಕ್ಕೆ ಎರಡು ತುಂಡಾಗಬಹುದು. ಇಡೀ ಗುಂಪನ್ನು ಇಕ್ಕಳದಿಂದ ಜಜ್ಜಿ ಎಸೆದೆ.

ನನಗೆ ಹೆಚ್ಚು ಕಲಿಸಿದ್ದು ಮೂರನೆಯ ವಿಧಾನ: ಅದೇ ಫುಲ್ ಲೆಂತ್ ಡೈ, ಆದರೆ ಅಳತೆಯಿಟ್ಟು. ಡೈಯನ್ನು ಶೆಲ್ ಹೋಲ್ಡರಿನಿಂದ ದೂರವಿಟ್ಟು ಮೊದಲ ಕೇಸನ್ನು ಒತ್ತಿದಾಗ, ಭುಜ ಹಿಂದೆ ಸರಿಯುವ ಬದಲು 0.003 ಇಂಚು ಮುಂದಕ್ಕೆ ಬಂದಿತ್ತು, ಬೋಲ್ಟ್ ಒತ್ತದ ಕೇಸಿಗಿಂತಲೂ ಬಿಗಿಯಾಗಿತ್ತು. ಕಾರಣ ಸರಳ. ಡೈ ಮೊದಲು ಮೈಯನ್ನು ಹಿಂಡುತ್ತದೆ. ಹಿಂಡಿದ ಹಿತ್ತಾಳೆ ಮೇಲಕ್ಕೇ ಸರಿಯಬೇಕು. ಡೈಯ ಭುಜವು ಕೇಸಿನ ಭುಜವನ್ನು ಮುಟ್ಟಿದ ಮೇಲಷ್ಟೇ ಅದು ಹಿಂದಕ್ಕೆ ಬರುತ್ತದೆ. ಅರ್ಧ ಒತ್ತಿದ ಕೇಸು ಒತ್ತದ ಕೇಸಿಗಿಂತ ಉದ್ದವಿರುವುದು ಹೀಗೆ, ಮತ್ತು ಹೊಸಬರು ಡೈಯನ್ನೇ ದೂರುವುದು ಸಾಮಾನ್ಯವಾಗಿ ಈ ಹಂತದಲ್ಲಿಯೇ.

ಇಲ್ಲಿಂದ ಮುಂದೆ ಆತುರ ಸಲ್ಲದು. 7/8-14 ಥ್ರೆಡ್ (ಇಂಚಿಗೆ 14 ಎಳೆ) ಇರುವ ಡೈ ಒಂದು ಪೂರ್ಣ ಸುತ್ತಿಗೆ ಸುಮಾರು 0.071 ಇಂಚು ಇಳಿಯುತ್ತದೆ, ಅಂದರೆ 0.001 ಇಂಚಿಗೆ ಬೇಕಾದ ತಿರುವು ಕೇವಲ 5 ಡಿಗ್ರಿ. ಡೈಯ ಮೇಲೂ ಪ್ರೆಸ್ಸಿನ ಮೇಲೂ ಮಾರ್ಕರಿನಿಂದ ಗೆರೆ ಎಳೆದು, ಕೂದಲೆಳೆಯಷ್ಟೇ ತಿರುಗಿಸುತ್ತಾ, ಪ್ರತಿ ಸಲವೂ ಕಿಡಿ ಹೊತ್ತಿಸುವ ಪ್ರೈಮರ್, ಮದ್ದು ಎರಡೂ ಇಲ್ಲದ ಖಾಲಿ ಕೇಸನ್ನು ಚೇಂಬರಿಗಿಟ್ಟು ನೋಡಿದೆ. ಬೋಲ್ಟಿನಿಂದ ಫೈರಿಂಗ್ ಪಿನ್ ಮತ್ತು ಕೇಸನ್ನು ಹೊರತಳ್ಳುವ ಎಜೆಕ್ಟರನ್ನು ಕಳಚಿದ್ದರಿಂದ ಕೈಗೆ ತಿಳಿಯುತ್ತಿದ್ದದ್ದು ಕೇಸಿನ ಬಿಗಿತ ಮಾತ್ರ. ಭುಜ 0.002 ಇಂಚು ಹಿಂದೆ ಸರಿದಾಗ ಬೋಲ್ಟಿನ ಹಿಡಿ ತನ್ನ ತೂಕದಿಂದಲೇ ಕೆಳಗೆ ಬಿತ್ತು. ಅಲ್ಲಿಗೆ ಲಾಕ್ ರಿಂಗನ್ನು ಬಿಗಿಗೊಳಿಸಿದೆ. ಈ ಗುಂಪಿನ ಕೇಸುಗಳು ಎಂಟು ಸುತ್ತು ದಾಟಿದರೂ ಸಲೀಸಾಗಿ ಕೂರುತ್ತಿವೆ, ತಂತಿಗೆ ಎಲ್ಲೂ ತೋಡು ಸಿಕ್ಕುತ್ತಿಲ್ಲ. ನನ್ನ ಆಯ್ಕೆ ಇದೇ.

ಅಳತೆ ಕೇಸಿನಿಂದ ಕೇಸಿಗೆ ಏರುಪೇರಾದರೆ ಎರಡು ಕಡೆ ನೋಡಬೇಕು. ಕತ್ತಿನ ಒಳಭಾಗ ಒಣಗಿದ್ದರೆ, ಕತ್ತಿನ ಒಳಗಾತ್ರವನ್ನು ಸರಿಪಡಿಸುವ ಡೈಯ ಎಕ್ಸ್‌ಪ್ಯಾಂಡರ್ ಉಂಡೆ ಹೊರಬರುವಾಗ ಭುಜವನ್ನೂ ತನ್ನೊಂದಿಗೆ ಎಳೆದುಕೊಂಡು ಬರುತ್ತದೆ. ಒಳಗೆ ತೆಳ್ಳಗೆ ಎಣ್ಣೆ ಸವರಿದರೆ ಸಾಕು. ಪದೇ ಪದೇ ಒತ್ತಿದ ಹಿತ್ತಾಳೆ ಗಡುಸಾಗಿ ಹಿಂದಕ್ಕೆ ಪುಟಿಯುವುದು ಇನ್ನೊಂದು ಕಾರಣ, ಅದಕ್ಕೆ ಪರಿಹಾರ ಕತ್ತು ಮತ್ತು ಭುಜವನ್ನು ಕಾಯಿಸಿ ಮೆದುಗೊಳಿಸುವ ಅನೀಲಿಂಗ್. ಪ್ರೆಸ್ಸಿನ ಹಿಡಿಯನ್ನು ಕೊನೆಯಲ್ಲಿ ಮೂರ್ನಾಲ್ಕು ಸೆಕೆಂಡು ಒತ್ತಿಹಿಡಿದರೂ ವ್ಯತ್ಯಾಸ ತಗ್ಗುತ್ತದೆ.

ನಾಲ್ಕನೆಯದಾದ ಸ್ಮಾಲ್ ಬೇಸ್ ಡೈ ಬುಡದ ಬಳಿ ಇನ್ನೂ ತುಸು ಹೆಚ್ಚು ಹಿಂಡುತ್ತದೆ. ನನ್ನ ರೈಫಲ್‌ಗೆ ಅದರಿಂದ ಲಾಭವಾಗಲಿಲ್ಲ. ಶ್ರಮ ಹೆಚ್ಚಿತು, ಎಣ್ಣೆ ಸಾಲದೆ ಒಂದು ಕೇಸು ಡೈಯಲ್ಲೇ ಸಿಕ್ಕಿಕೊಂಡಿತು. ಸ್ಪ್ರಿಂಗಿನ ಬಲದಿಂದಲೇ ಮುಚ್ಚಬೇಕಾದ ಸೆಮಿ ಆಟೋಮ್ಯಾಟಿಕ್ ರೈಫಲ್‌ಗಳಿಗೆ, ಅಥವಾ ಬೇರೊಂದು ಸಡಿಲ ಚೇಂಬರಿನಲ್ಲಿ ಹಿಗ್ಗಿ ಬಂದ ಕೇಸುಗಳಿಗೆ ಅದು ತಕ್ಕದ್ದು.

ಯಾವ ಡೈ ಬಳಸಿದರೂ ಒತ್ತಿದ ಮೇಲೆ ಕೇಸಿನ ಉದ್ದವನ್ನು ಅಳೆಯಲೇಬೇಕು, ಏಕೆಂದರೆ ಹಿಂಡಿದ ಹಿತ್ತಾಳೆ ಕತ್ತಿನ ಕಡೆಗೆ ಹರಿಯುತ್ತದೆ. .308 ಕೇಸಿಗೆ ಗರಿಷ್ಠ 2.015 ಇಂಚು, ಮೀರಿದ್ದನ್ನು ನಾನು 2.005 ಇಂಚಿಗೆ ಕತ್ತರಿಸುತ್ತೇನೆ. ಉದ್ದ ಕತ್ತು ಚೇಂಬರಿನ ತುದಿಗೆ ತಾಗಿದರೆ ಬೋಲ್ಟ್ ಬಿಗಿಯಾಗುವುದಷ್ಟೇ ಅಲ್ಲ, ಕತ್ತು ಗುಂಡನ್ನು ಹಿಚುಕಿ ಹಿಡಿದು ಒತ್ತಡವನ್ನು ಅಪಾಯದ ಮಟ್ಟಕ್ಕೆ ಏರಿಸಬಲ್ಲದು.