ಮಳೆ ದಿನ ಸ್ಟೀಮ್ ಷೋಗೆ ಹೊರಟಿದ್ದೀರಾ? ಟಿಕೆಟ್ ಸ್ಕ್ಯಾನ್ ಮಾಡಿಸೋ ಮುಂಚೆ ಇದನ್ನ ಓದಿ

ಇಂಗ್ಲೆಂಡಿನಲ್ಲಿರುವ ನಮ್ಮವರಿಗೆ, ಅದರಲ್ಲೂ ಊರಿಂದ ಅಪ್ಪ ಅಮ್ಮನನ್ನ ಕರೆಸಿಕೊಂಡಿರುವವರಿಗೆ ಇದನ್ನ ಹೇಳಲೇಬೇಕು. ಹಳೇ ಸ್ಟೀಮ್ ಇಂಜಿನ್ ಓಡಿಸಿ ತೋರಿಸೋ ಷೋ ಒಂದರಲ್ಲಿ ನಾವು ನಾಲ್ಕು ಜನ ಮೋಸ ಹೋದೆವು. ಮೋಸ ಅನ್ನೋ ಮಾತನ್ನ ಯೋಚನೆ ಮಾಡಿಯೇ ಬರೆಯುತ್ತಿದ್ದೇನೆ. ಮಳೆ ಬಂತು ಅಂತ ಸಿಟ್ಟಲ್ಲ, ಮಳೆ ಯಾರ ಕೈಯಲ್ಲೂ ಇಲ್ಲ. ಇವತ್ತು ಏನೂ ಓಡಲ್ಲ ಅಂತ ಗೊತ್ತಿದ್ದೂ ಬಾಯಿ ಬಿಡದೆ ಒಳಗೆ ಬಿಟ್ಟುಕೊಂಡರಲ್ಲ, ಅದಕ್ಕೆ ಸಿಟ್ಟು.

ನಮ್ಮಪ್ಪ ಅರಸೀಕೆರೆ ಲೋಕೋ ಶೆಡ್ಡಿನಲ್ಲಿ ಫೈರ್‌ಮನ್ ಆಗಿದ್ದವರು. ಮೀಟರ್ ಗೇಜ್ ಕಾಲ. ವೈಪಿ ಅನ್ನೋ ಸ್ಟೀಮ್ ಇಂಜಿನ್ನಿಗೆ ಸಲಿಕೆಯಲ್ಲಿ ಕಲ್ಲಿದ್ದಲು ಎತ್ತಿ ಹಾಕಿ ನಮ್ಮನ್ನ ಓದಿಸಿದರು. ಈ ಆಗಸ್ಟಿನಲ್ಲಿ ಇಲ್ಲಿಗೆ ಬಂದಾಗ ಬಾಯಿಬಿಟ್ಟು ಕೇಳಿದ್ದು ಒಂದೇ. "ಸ್ಟೀಮ್ ಇಂಜಿನ್ ಓಡೋದು ಇನ್ನೊಂದ್ಸಲ ನೋಡ್ಬೇಕು ಕಣೋ." ಲಂಡನ್ನೂ ಬೇಡ, ಇನ್ನೊಂದೂ ಬೇಡ.

ಬ್ಯಾಂಕ್ ಹಾಲಿಡೇ ವಾರ ಒಂದು ಷೋ ಸಿಕ್ಕಿತು. ಹಳಿಯಿಲ್ಲದೆ ನೆಲದ ಮೇಲೆ ಆವಿಯಲ್ಲಿ ಓಡೋ ಹಳೇ ಟ್ರ್ಯಾಕ್ಷನ್ ಇಂಜಿನ್‌ಗಳು, ಸ್ಟೀಮ್ ರೋಲರ್‌ಗಳು, ಜೊತೆಗೆ ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪು, ಬೆಡ್‌ಫರ್ಡ್ ಲಾರಿ, ಒಂದು ಶರ್ಮನ್ ಟ್ಯಾಂಕ್. ದಿನವಿಡೀ ಮೈದಾನದಲ್ಲಿ ಓಡಿಸಿ ತೋರಿಸುತ್ತೇವೆ, ಮಳೆಯಿರಲಿ ಬಿಸಿಲಿರಲಿ ಷೋ ನಡೆದೇ ನಡೆಯುತ್ತೆ ಅಂತ ದೊಡ್ಡದಾಗಿ ಹಾಕಿದ್ದರು. ನನಗೂ ಹೆಂಡತಿಗೂ ತಲಾ 24 ಪೌಂಡ್, ಅಪ್ಪ ಅಮ್ಮನಿಗೆ ಹಿರಿಯರ ರೇಟು ತಲಾ 20. ಒಟ್ಟು 88 ಪೌಂಡ್ ಮುಂಗಡ ಕಟ್ಟಿದೆ.

ಹಿಂದಿನ ದಿನವೆಲ್ಲ ಮಳೆ. ಬೆಳಿಗ್ಗೆ ಎಂಟಕ್ಕೆ ಅವರ ನಂಬರಿಗೆ ಫೋನ್ ಮಾಡಿದೆ. "ಗೇಟು ಹತ್ತಕ್ಕೆ ತೆರೆಯುತ್ತೆ, ಷೋ ಇದೆ" ಅಂದರು. ಅಷ್ಟೇ ಅಂದರು. ಎರಡು ಗಂಟೆ ಗಾಡಿ ಓಡಿಸಿಕೊಂಡು ಹೋದೆವು.

ಕಾರು ನಿಲ್ಲಿಸುವ ಜಾಗ ಅಂದರೆ ಒಂದು ಹೊಲ. ನಮ್ಮೂರಲ್ಲಿ ನಾಟಿಗೆ ಗದ್ದೆ ಹದ ಮಾಡಿರ್ತಾರಲ್ಲ, ಹಾಗಿತ್ತು. ಅದಕ್ಕೆ 8 ಪೌಂಡ್ ಬೇರೆ. ಗೇಟಿನಲ್ಲಿದ್ದ ಹುಡುಗನನ್ನ ಕೇಳಿದೆ, ಎಲ್ಲ ನಡೀತಿದೆಯಾ ಅಂತ. "ಹೌದು, ಎಲ್ಲ ಒಳಗಿದೆ" ಅಂದ. ಟಿಕೆಟ್ ಸ್ಕ್ಯಾನ್ ಮಾಡಿದ. ಹತ್ತು ಹೆಜ್ಜೆ ಹೋಗಿ ಅಮ್ಮ ಎಲ್ಲಿ ಅಂತ ಹಿಂತಿರುಗಿ ನೋಡಿದರೆ, ಗೇಟಿನ ಪಕ್ಕ ಒಂದು ಬೋರ್ಡು. ಪ್ಲಾಸ್ಟಿಕ್ ಹಾಳೆ ಸುತ್ತಿದ ಕಾಗದ, ಮೇಲೆ ನೀರಿನ ಹನಿ. "ಇಂದು ಮೈದಾನದ ಎಲ್ಲ ಪ್ರದರ್ಶನ ರದ್ದು." ಅದು ಒಳಗಡೆಗೆ ಮುಖ ಮಾಡಿತ್ತು. ಹೊರಗೆ ಸಾಲಿನಲ್ಲಿ ನಿಂತವರಿಗೆ ಅದರ ಬೆನ್ನು ಮಾತ್ರ ಕಾಣುತ್ತೆ, ಬರೀ ಮರದ ಹಲಗೆ. ನಾವೂ ಆ ಹಲಗೆ ಪಕ್ಕದಲ್ಲೇ ಕಾಲು ಗಂಟೆ ನಿಂತಿದ್ದೆವು.

ವಾಪಸ್ ಹೋಗಿ ಕೇಳಿದೆ. ಅದೇ ಹುಡುಗ. "ಸ್ಕ್ಯಾನ್ ಆದ ಮೇಲೆ ನಾವೇನೂ ಮಾಡಕ್ಕಾಗಲ್ಲ ಸರ್. ಇಮೇಲ್ ಮಾಡಿ." ಅರ್ಧ ನಿಮಿಷ ಆಗಿರಲಿಲ್ಲ ಸ್ಕ್ಯಾನ್ ಆಗಿ!

ಅಪ್ಪನಿಗೆ ನಾನಿನ್ನೂ ಏನೂ ಹೇಳಿರಲಿಲ್ಲ. ಅವರು ಕೆಸರಲ್ಲಿ ಕಾಲೆಳೆದುಕೊಂಡು ಒಂದು ರೋಲರ್ ಹತ್ತಿರ ಹೋಗಿದ್ದರು. ಕೆಂಟ್‌ನ ರೋಚೆಸ್ಟರ್‌ನಲ್ಲಿ ಅವೆಲಿಂಗ್ ಅಂಡ್ ಪೋರ್ಟರ್ ಮಾಡುತ್ತಿದ್ದ ರೋಲರ್. ಮುಂದುಗಡೆ ಹಿಂಗಾಲ ಮೇಲೆ ನಿಂತ ಹಿತ್ತಾಳೆ ಕುದುರೆ, ಅದು ಕೆಂಟ್ ಕೌಂಟಿಯ ಗುರುತು. ಟಾರ್ಪಾಲು ಅರ್ಧ ಜಾರಿತ್ತು. ಅಪ್ಪ ಕುದುರೆ ಮೇಲಿನ ನೀರನ್ನ ಕರ್ಚೀಫಿನಲ್ಲಿ ಒರೆಸಿದರು. ಆಮೇಲೆ ಬಾಯ್ಲರಿಗೆ ಅಂಗೈ ಇಟ್ಟರು. ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡಿದ್ದರು.

"ತಣ್ಣಗಿದೆ ಕಣೋ. ಬೆಂಕಿನೇ ಹಾಕಿಲ್ಲ."

ಸ್ಟೀಮ್ ಇಂಜಿನ್ ಸ್ವಿಚ್ ಒತ್ತಿದರೆ ಹೊರಡೋ ಗಾಡಿಯಲ್ಲ. ಹತ್ತಕ್ಕೆ ಓಡಿಸಬೇಕು ಅಂದರೆ ಬೆಳಗಿನ ಜಾವವೇ ಬೆಂಕಿ ಹಾಕಿ, ನಿಧಾನವಾಗಿ ನೀರು ಕಾಯಿಸಿ, ಪ್ರೆಶರ್ ಏರಿಸಬೇಕು. ಇದು ಅಪ್ಪನಿಗೆ ಗೊತ್ತು. ಆ ಷೋ ನಡೆಸೋರಿಗೂ ಗೊತ್ತು. ಪಕ್ಕದಲ್ಲಿ ಜೀಪಿನೊಳಗೆ ಚಹಾ ಕುಡಿಯುತ್ತಿದ್ದ ವಯಸ್ಸಾದವರೊಬ್ಬರು ಅಪ್ಪನ ಮುಖ ನೋಡಿ ಇಳಿದು ಬಂದರು. "ಗಾಡಿ ಕದಲಿಸಬೇಡಿ ಅಂತ ನಿನ್ನೆ ಸಂಜೆಯೇ ನಮಗೆಲ್ಲ ಹೇಳಿದರಲ್ಲ. ನಿಮಗೆ ಗೇಟಲ್ಲಿ ಹೇಳಲಿಲ್ವಾ?" ಅಂದರು.

ನಿನ್ನೆ ಸಂಜೆ! ನಾನು ಫೋನ್ ಮಾಡಿದ್ದು ಇವತ್ತು ಬೆಳಿಗ್ಗೆ ಎಂಟಕ್ಕೆ.

ಓಡಿಸದೇ ಇದ್ದದ್ದು ಸರಿಯೇ, ಅದಕ್ಕೆ ನನ್ನ ತಕರಾರಿಲ್ಲ. ಹತ್ತಾರು ಟನ್ ಕಬ್ಬಿಣ, ನುಣುಪಾದ ಉಕ್ಕಿನ ಚಕ್ರ, ಒದ್ದೆ ಹುಲ್ಲಿನ ಮೇಲೆ ಜಾರಿದರೆ ಹಿಡಿಯೋರು ಯಾರು? ಟ್ಯಾಂಕ್ ಒಂದು ಸುತ್ತು ಹೊಡೆದರೆ ಹೊಲ ಉತ್ತ ಹಾಗಾಗುತ್ತೆ. ಆದರೆ ಅದನ್ನ ಹೊರಗೆ ನಿಂತವರಿಗೆ ಹೇಳಬೇಕಿತ್ತು ಅಲ್ವಾ? ಫೋನ್‌ನಲ್ಲಿ ಒಂದು ಮಾತು. ಬೋರ್ಡು ಒಂಚೂರು ಆ ಕಡೆ ತಿರುಗಿಸಿದ್ದರೆ ಸಾಕಿತ್ತು.

ಕಥೆ ಅಲ್ಲಿಗೂ ಮುಗಿಯಲಿಲ್ಲ. ಹೊರಡುವಾಗ ಕಾರು ಹೂತುಕೊಂಡಿತು. ಗಾಡಿ ಕೆಟ್ಟಿಲ್ಲ, ಕೆಸರಲ್ಲಿ ಸಿಕ್ಕಿರೋದು ನಮ್ಮ ಲೆಕ್ಕಕ್ಕೆ ಬರಲ್ಲ ಅಂದರು ಬ್ರೇಕ್‌ಡೌನ್ ಇನ್ಶೂರೆನ್ಸಿನವರು. ಟ್ರ್ಯಾಕ್ಟರ್‌ನವನು ಬಂದ. ಮೊದಲು 30 ಪೌಂಡ್ ಕ್ಯಾಶ್, ಆಮೇಲೆ ಹಗ್ಗ. ಎಳೆಯೋಕೆ ಅಂತಲೇ ತಿರುಗಿಸಿ ಹಾಕೋ ಕೊಂಡಿ ಡಿಕ್ಕಿಯಲ್ಲಿ, ಸ್ಟೆಪ್ನಿ ಜಾಗದಲ್ಲಿ ಇರುತ್ತೆ. ತೆಗೀತೀನಿ ಇರಪ್ಪ ಅನ್ನೋದರೊಳಗೆ ಕೆಳಗೆಲ್ಲೋ ಹುಕ್ ಹಾಕಿ ಎಳೆದೇ ಬಿಟ್ಟ. ಮುಂದಿನ ಬಂಪರ್ ಒಂದು ಕಡೆ ಕಿತ್ತು ಬಂತು. ರಿಪೇರಿಗೆ 240 ಪೌಂಡ್.

ಇನ್ನು ಅವರ ಉತ್ತರಗಳು. ಮೊದಲನೇ ಇಮೇಲ್: "ಹವಾಮಾನ ನಮ್ಮ ಕೈಯಲ್ಲಿಲ್ಲ." ನಾನು ಹವಾಮಾನದ ಬಗ್ಗೆ ಕೇಳಿರಲೇ ಇಲ್ಲ. ಬೋರ್ಡಿನ ಎರಡೂ ಕಡೆಯ ಫೋಟೋ ಕಳಿಸಿ ಮತ್ತೆ ಬರೆದೆ. ಎರಡನೇದು: "ಷೋ ಪೂರ್ತಿ ರದ್ದಾದರೆ ಮಾತ್ರ ಹಣ ವಾಪಸ್. ಷೋ ನಡೆದಿದೆ. ವಾಹನಗಳು ನೋಡಲು ಲಭ್ಯವಿದ್ದವು." ಟಾರ್ಪಾಲು ಹೊದ್ದು ನಿಂತಿದ್ದವು, ನೋಡೋಕೆ ಲಭ್ಯವಂತೆ. ಮೂರನೇದು: "ಟ್ರ್ಯಾಕ್ಟರ್‌ನವರು ನಮ್ಮವರಲ್ಲ." ಅವರದೇ ಹೊಲ, ಅವರದೇ ಹಳದಿ ಜಾಕೆಟ್ಟು, ಆದರೆ ಅವರವನಲ್ಲ! ಫೋನ್‌ನಲ್ಲಿ ಯಾಕೆ ಹೇಳಲಿಲ್ಲ ಅನ್ನೋದಕ್ಕೆ ಮೂರರಲ್ಲೂ ಒಂದಕ್ಷರ ಇಲ್ಲ.

ಹೋಗೋರು ಇಷ್ಟು ಮಾಡಿ. ಮಳೆ ಮುನ್ಸೂಚನೆ ಇದ್ದರೆ ಮುಂಗಡ ಟಿಕೆಟ್ ತಗೋಬೇಡಿ. ಫೋನ್ ಮಾಡಿದಾಗ "ಷೋ ಇದೆಯಾ" ಅಂತ ಕೇಳಬೇಡಿ, ನಾನು ಹಾಗೆ ಕೇಳಿಯೇ ಕೆಟ್ಟೆ. "ಇವತ್ತು ಇಂಜಿನ್‌ಗೆ ಬೆಂಕಿ ಹಾಕಿದ್ದಾರಾ, ಮೈದಾನದಲ್ಲಿ ಓಡಿಸ್ತಾರಾ" ಅಂತ ಕೇಳಿ. ಗೇಟಿನ ಹೊರಗಿಂದಲೇ ಹೊಗೆ ಕಾಣುತ್ತಾ ನೋಡಿ. ಕಾರನ್ನ ಗಟ್ಟಿ ನೆಲ ಇರೋ ಕಡೆ ನಿಲ್ಲಿಸಿ, ಕೊಂಡಿ ಮೊದಲೇ ತೆಗೆದಿಟ್ಟುಕೊಳ್ಳಿ. ಮಾರಿದವರು ಮಾತು ತಪ್ಪಿದರೆ ಕ್ರೆಡಿಟ್ ಕಾರ್ಡ್ ಕಂಪನಿಯೂ ಹೊಣೆ ಅನ್ನೋ ಇಲ್ಲಿನ 1974ರ ಗ್ರಾಹಕ ಸಾಲ ಕಾಯ್ದೆಯ (ಕನ್ಸ್ಯೂಮರ್ ಕ್ರೆಡಿಟ್ ಆ್ಯಕ್ಟ್) ಸೆಕ್ಷನ್ 75 ನನಗೆ ಉಪಯೋಗಕ್ಕೆ ಬರಲಿಲ್ಲ, ಅದಕ್ಕೆ ಒಂದು ವಸ್ತುವಿನ ಬೆಲೆ 100 ಪೌಂಡ್ ದಾಟಬೇಕು. ಬ್ಯಾಂಕಿಗೆ ಚಾರ್ಜ್‌ಬ್ಯಾಕ್ ಅರ್ಜಿ, ಅಂದರೆ ಕಾರ್ಡಲ್ಲಿ ಕಟ್ಟಿದ ಹಣ ವಾಪಸ್ ಕೊಡಿಸಿ ಅನ್ನೋ ಅರ್ಜಿ, ಹಾಕಿದ್ದೇನೆ. ಮಳೆಯಲ್ಲಿ ಟ್ಯಾಂಕ್ ನೋಡಲೇಬೇಕು ಅಂದರೆ ಡಾರ್ಸೆಟ್‌ನ ಬೋವಿಂಗ್‌ಟನ್ ಟ್ಯಾಂಕ್ ಮ್ಯೂಸಿಯಂಗೆ ಹೋಗಿ, ಸೂರಿನ ಕೆಳಗೇ ಇವೆ.

ಮುಂದಿನ ಭಾನುವಾರ ಅಪ್ಪನನ್ನ ಸಸೆಕ್ಸ್‌ನ ಬ್ಲೂಬೆಲ್ ರೈಲ್ವೆಗೆ ಕರೆದುಕೊಂಡು ಹೋದೆ. 1960ರಿಂದ ಸ್ಟೀಮ್ ರೈಲು ಓಡಿಸುತ್ತಿದ್ದಾರೆ. ಅವತ್ತೂ ಮಳೆ. ರೈಲು ಹಳಿ ಮೇಲೆ ಬಂದು ನಿಂತಿತು. ಅಪ್ಪ ಡಬ್ಬಿ ಹತ್ತಲಿಲ್ಲ, ನೇರ ಇಂಜಿನ್ ಹತ್ತಿರ ಹೋಗಿ ನಿಂತರು, ಕೊಡೆ ಮಡಚಿಟ್ಟು.