ಮಗನ ಕಾರಿಗೆ ಹಾಕಿಸಿದ ಮೂರು ಲೆನ್ಸಿನ ಡ್ಯಾಶ್‌ಕ್ಯಾಮ್

ಡ್ಯಾಶ್‌ಕ್ಯಾಮ್, ಅಂದರೆ ಓಡುವ ಕಾರಿನಿಂದ ರೆಕಾರ್ಡ್ ಮಾಡುವ ಕ್ಯಾಮೆರಾ. ಅದನ್ನು ಜಾಸ್ತಿ ಜನ ಕೊಳ್ಳುವುದು ಇನ್ಶೂರೆನ್ಸಿನವರಿಗೆ ತೋರಿಸಲು. ನಾನು ಕೊಂಡಿದ್ದು ಪೊಲೀಸರ ಭಯಕ್ಕೆ. ನಾವಿರುವುದು ಅಮೆರಿಕದ ನ್ಯೂಜೆರ್ಸಿ ರಾಜ್ಯದ ಎಡಿಸನ್‌ನಲ್ಲಿ. ಮಗನಿಗೆ ಹತ್ತೊಂಬತ್ತು ವರ್ಷ. ಕಪ್ಪು ಮೈಬಣ್ಣ, ಗಡ್ಡ, ಹಳೇ ಕಾರು. ರಾತ್ರಿ ಕಾಲೇಜಿನಿಂದ ಬರುವಾಗ ಅವನನ್ನು ಪದೇ ಪದೇ ನಿಲ್ಲಿಸುತ್ತಾರೆ. ಅದೇ ರಸ್ತೆಯಲ್ಲಿ ಬರುವ ಅವನ ಬಿಳಿಯ ಗೆಳೆಯರನ್ನು ಯಾರೂ ಕೇಳುವುದಿಲ್ಲ.

ಮೊದಲು ಮುಂದಿನ ರಸ್ತೆ ಮಾತ್ರ ಕಾಣುವ ಕ್ಯಾಮೆರಾ ಇತ್ತು. ಈ ಕೆಲಸಕ್ಕೆ ಅದು ಸಾಲದು. ಮಾತುಕತೆ ನಡೆಯುವುದು ಡ್ರೈವರ್ ಪಕ್ಕದ ಕಿಟಕಿಯಲ್ಲಿ ಅಲ್ವಾ? ಈ ಹೊಸದರಲ್ಲಿ ಮುಂದೆ, ಹಿಂದೆ, ಒಳಗೆ ಮೂರು ಲೆನ್ಸ್ ಇವೆ. ಒಳಗಿನದು ಕತ್ತಲಲ್ಲೂ ಕಿಟಕಿಯವರೆಗೆ ಹಿಡಿಯುತ್ತದೆ. ಧ್ವನಿಯೂ ಸ್ಪಷ್ಟ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಬಾಯಲ್ಲಿ ಹೇಳಿದರೆ ವಿಡಿಯೋ ಅಳಿಸಿಹೋಗದಂತೆ ಲಾಕ್ ಆಗುವುದು. ಪೊಲೀಸ್ ಪಕ್ಕಕ್ಕೆ ಬಂದಾಗ ಎರಡೂ ಕೈ ಸ್ಟಿಯರಿಂಗ್ ಮೇಲೇ ಇರಬೇಕು, ಇಲ್ಲದಿದ್ದರೆ ಬಂದೂಕಿಗೆ ಕೈ ಹಾಕಿದ ಎಂದುಕೊಂಡಾರು. ಗುಂಡಿ ಒತ್ತಲು ಕೈ ಚಾಚುವ ಧೈರ್ಯ ಯಾವ ತಾಯಿಯೂ ಮಗನಿಗೆ ಹೇಳಿಕೊಡಲಾರಳು.

ನಮ್ಮ ರಾಜ್ಯಕ್ಕೆ ಹೀಗೆ ಬಣ್ಣ ನೋಡಿ ನಿಲ್ಲಿಸುವುದು ಹಳೇ ರೋಗ. 1998ರಲ್ಲಿ ಟರ್ನ್‌ಪೈಕ್ ಹೆದ್ದಾರಿಯಲ್ಲಿ ಇಬ್ಬರು ಟ್ರೂಪರ್‌ಗಳು (ಸ್ಟೇಟ್ ಪೊಲೀಸರು) ಬಾಸ್ಕೆಟ್‌ಬಾಲ್ ತರಬೇತಿಗೆ ಹೊರಟಿದ್ದ ನಾಲ್ವರು ಹುಡುಗರ ವ್ಯಾನ್ ನಿಲ್ಲಿಸಿ 11 ಗುಂಡು ಹಾರಿಸಿದರು. ಮೂವರು ಗಾಯಗೊಂಡರು. ಹುಡುಗರಲ್ಲಿ ಮೂವರು ಕಪ್ಪು ಜನ, ಒಬ್ಬ ಲ್ಯಾಟಿನೋ. ಬಣ್ಣ ನೋಡಿ ಕಾರು ನಿಲ್ಲಿಸುವುದು ನಿಜ ಎಂದು ಮರುವರ್ಷ ಸರ್ಕಾರವೇ ಒಪ್ಪಿತು. 2009ರವರೆಗೆ ಸ್ಟೇಟ್ ಪೊಲೀಸರು ಕೋರ್ಟಿನ ನಿಗಾದಲ್ಲಿದ್ದರು. ಅವರ ಗಸ್ತು ಕಾರಿನಲ್ಲಿ ಕ್ಯಾಮೆರಾ ಇರಬೇಕೆನ್ನುವುದು ಆಗಿನ ಷರತ್ತುಗಳಲ್ಲೊಂದು. ಅವರಿಗೆ ಬೇಕಾದ ಸಾಕ್ಷಿ ನಮಗೂ ಬೇಡವೇ?

ಕ್ಯಾಮೆರಾ ಹಾಕಿದ ಮೇಲೂ ಒಂದು ಊರಿನ ಪೊಲೀಸ್ ಮಗನನ್ನು ನಿಲ್ಲಿಸಿದ. ಕನ್ನಡಿಗೆ ತುಳಸಿ ಮಣಿ ಸರ ನೇತುಹಾಕಿದ್ದು ತಪ್ಪಂತೆ. ಇಂಥ ಸಣ್ಣ ನೆಪ ಸಾಕು ಎಂದು 1996ರಲ್ಲೇ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿಬಿಟ್ಟಿದೆ. ಆಮೇಲೆ ಶುರುವಾಯಿತು: ಇದು ಯಾರ ಕಾರು, ಎಲ್ಲಿಯವನು ನೀನು, ಡಿಕ್ಕಿ ತೆಗೆಯಲೇ? ಮಗ ಒಪ್ಪಲಿಲ್ಲ. ಸಕಾರಣ ಅನುಮಾನ ಇಲ್ಲದೆ ಕಾರು ತಪಾಸಣೆಗೆ ಒಪ್ಪಿಗೆಯನ್ನೇ ಕೇಳಬಾರದು ಎಂದು ನ್ಯೂಜೆರ್ಸಿ ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿದೆ. ಎಲ್ಲ ಮಾತೂ ರೆಕಾರ್ಡ್ ಆಗಿದೆ. ದೂರಿನ ಜೊತೆ ಆ ಫೈಲ್ ಕೊಟ್ಟಿದ್ದೇವೆ. ಹಿಂದಿನ ಸಲಗಳಲ್ಲಿ ಬರೀ ನಮ್ಮ ಮಾತು ಇತ್ತು, ಯಾರೂ ನಂಬಲಿಲ್ಲ.

ಕೊರತೆಗಳೂ ಇವೆ. ಟಾರ್ಚ್ ನೇರ ಬಿದ್ದರೆ ಚಿತ್ರ ಬೆಳ್ಳಗಾಗುತ್ತದೆ. ಗಡಿಯಾರ ತಾನಾಗಿ ಹಿಂದೆ ಬೀಳುತ್ತದೆ, ಸಾಕ್ಷಿಗೆ ಇದು ಗಂಭೀರ ದೋಷ. ಫೋನಿಗೆ ವಿಡಿಯೋ ಇಳಿಸಲು ಬಹಳ ಹೊತ್ತು ಹಿಡಿಯುತ್ತದೆ.

ವಿಡಿಯೋ ಇದ್ದರೆ ನ್ಯಾಯ ಸಿಕ್ಕೇ ಸಿಗುತ್ತದೆ ಅಂತಲೂ ಅಲ್ಲ. 2015ರಲ್ಲಿ ಅಲಬಾಮಾದ ಮ್ಯಾಡಿಸನ್‌ನಲ್ಲಿ ತನ್ನ ಮಗನ ಮನೆಯ ಹತ್ತಿರ ನಡೆದು ಹೋಗುತ್ತಿದ್ದ ಗುಜರಾತಿನ ಅಜ್ಜನನ್ನು ಪೊಲೀಸ್ ನೆಲಕ್ಕೆ ಕೆಡವಿದ. ಕಪ್ಪು ಮನುಷ್ಯನೊಬ್ಬ ಸುಮ್ನೆ ಓಡಾಡುತ್ತಿದ್ದಾನೆ ಎಂದು ಯಾರೋ ಫೋನ್ ಮಾಡಿದ್ದರು. ಪೊಲೀಸ್ ಕಾರಿನ ಕ್ಯಾಮೆರಾದಲ್ಲಿ ಎಲ್ಲ ದಾಖಲಾಗಿತ್ತು. ಆದರೂ ಆ ಪೊಲೀಸನ ವಿಚಾರಣೆಯಲ್ಲಿ ಎರಡು ಸಲ ಜ್ಯೂರಿ (ತೀರ್ಪು ಕೊಡುವ ನಾಗರಿಕರ ಗುಂಪು) ಒಮ್ಮತಕ್ಕೆ ಬರಲಿಲ್ಲ. ಕೊನೆಗೆ ನ್ಯಾಯಾಧೀಶರು ಅವನನ್ನು ಖುಲಾಸೆ ಮಾಡಿದರು.

ಆದರೂ ಗಾಡಿ ಓಡಿಸುವ ಮಕ್ಕಳಿರುವವರು ತಗೊಳ್ಳಿ. ಒಳಗಿನ ಲೆನ್ಸ್ ಇರುವುದನ್ನೇ ಕೇಳಿ. ಸತತ ರೆಕಾರ್ಡಿಂಗಿಗೆಂದೇ ಮಾಡಿದ ಮೆಮೊರಿ ಕಾರ್ಡ್ ಹಾಕಿ. ವಾರಕ್ಕೊಮ್ಮೆ ಗಡಿಯಾರ ಸರಿಮಾಡಿ.